ಕಣ್ಣಿಗೆ ಕಾಣದ ತೂಕ: ಮೊಲ ಸಾಕಿದ ಮನೆಗಳಿಗೊಂದು ಬಹಿರಂಗ ಪತ್ರ

ಮನೆಯಲ್ಲಿ ಮೊಲ ಸಾಕಿರುವ ಎಲ್ಲರಿಗೂ,



ನಾನು ಬೆಂಗಳೂರಿನಲ್ಲಿ ಸಾಕುಪ್ರಾಣಿಗಳಿಗೆ ಚಿಕಿತ್ಸೆ ಕೊಡುವ ಪಶುವೈದ್ಯೆ. ನಾಯಿ, ಬೆಕ್ಕುಗಳ ಸಾಲಿನಲ್ಲಿ ಈಗ ಮೊಲಗಳೂ ಬರುತ್ತಿವೆ. ಬುಟ್ಟಿಯಲ್ಲಿ, ರಟ್ಟಿನ ಡಬ್ಬದಲ್ಲಿ, ಕೆಲವೊಮ್ಮೆ ಅಮ್ಮನ ಸೆರಗಿನ ಮರೆಯಲ್ಲಿ. ಕರೆತಂದವರು ಹೇಳುವ ಕಾರಣ ಬೇರೆ ಬೇರೆ: ಉಗುರು ಕತ್ತರಿಸಬೇಕು, ಕಿವಿ ಕೆರೆದುಕೊಳ್ಳುತ್ತಿದೆ, ನಿನ್ನೆಯಿಂದ ಮಂಕಾಗಿದೆ. ಮೇಜಿನ ಮೇಲಿಟ್ಟು ಕೈಯಾಡಿಸಿದರೆ ಬಹಳಷ್ಟು ಸಲ ಮೊದಲು ತಿಳಿಯುವುದು ಬೇರೆಯೇ ಸಂಗತಿ. ಒಂದೋ ಪಕ್ಕೆಲುಬು ಕೈಗೆ ಸಿಗದಷ್ಟು ಬೊಜ್ಜು, ಇಲ್ಲವೇ ದಟ್ಟ ತುಪ್ಪಳದ ಕೆಳಗೆ ಬರೀ ಮೂಳೆ. ದಿನವೂ ಎತ್ತಿ ಮುದ್ದಾಡುವ ಮನೆಯವರಿಗೆ ಎರಡೂ ಗೊತ್ತಾಗಿರುವುದಿಲ್ಲ. ಅವರಿಗೆ ಪ್ರೀತಿ ಕಮ್ಮಿ ಅಂತಲ್ಲ, ಮೊಲದ ಮೈಯನ್ನು ಹೇಗೆ ನೋಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ. ಅದನ್ನು ಹೇಳುವುದಕ್ಕೇ ಈ ಪತ್ರ.

ನೀವು ಕೇಳುವ ಮೊದಲ ಪ್ರಶ್ನೆ, "ನಮ್ಮ ಮೊಲ ಎಷ್ಟು ಕೆಜಿ ಇರಬೇಕು ಡಾಕ್ಟ್ರೇ?" ಎಲ್ಲ ಮೊಲಕ್ಕೂ ಸಲ್ಲುವ ಒಂದೇ ಉತ್ತರ ಇದಕ್ಕಿಲ್ಲ. ನೆದರ್ಲೆಂಡ್ ಡ್ವಾರ್ಫ್ ಎಂಬ ಕುಳ್ಳ ತಳಿ ಪೂರ್ತಿ ಬೆಳೆದ ಮೇಲೂ ಸುಮಾರು 1 ಕೆಜಿ ತೂಗುತ್ತದೆ. ಡಚ್ ತಳಿ 2ರಿಂದ 2.5 ಕೆಜಿ. ಕೆಂಪು ಕಣ್ಣಿನ ಬಿಳಿ ನ್ಯೂಜಿಲೆಂಡ್ ವೈಟ್ 4ರಿಂದ 5 ಕೆಜಿ. ಫ್ಲೆಮಿಶ್ ಜೈಂಟ್ 6 ಕೆಜಿಯನ್ನೂ ದಾಟುತ್ತದೆ. ನಮ್ಮ ಮಾರುಕಟ್ಟೆಗಳಲ್ಲಿ ಸಿಗುವ ಮೊಲಗಳಲ್ಲಿ ಹೆಚ್ಚಿನವು ಬೆರಕೆ. ಮಾಂಸಕ್ಕೆಂದು ಸಾಕುವ ದೊಡ್ಡ ತಳಿಗಳ ರಕ್ತ ಅವುಗಳಲ್ಲಿರುತ್ತದೆ. "ಇದು ಇಷ್ಟೇ ಇರುತ್ತೆ ಮೇಡಂ, ಕುಳ್ಳ ಜಾತಿ" ಎಂದು ಮಾರಿದ ಅಂಗೈಯಗಲದ ಮರಿ ಎಂಟು ತಿಂಗಳಲ್ಲಿ 3 ಕೆಜಿ ಆಗಬಹುದು. ಅದು ಬೊಜ್ಜಲ್ಲದೆ ಆ ಮೊಲದ ಸಹಜ ಗಾತ್ರವೂ ಆಗಿರಬಹುದು. ಹಾಗೆಯೇ 2 ಕೆಜಿ ಎಂಬ ಒಂದೇ ಅಂಕಿ ಒಂದು ಮೊಲಕ್ಕೆ ಹೇಳಿ ಮಾಡಿಸಿದ ತೂಕ, ಇನ್ನೊಂದಕ್ಕೆ ವಿಪರೀತ ಬೊಜ್ಜು, ಮತ್ತೊಂದಕ್ಕೆ ಅರೆಹೊಟ್ಟೆಯ ಲಕ್ಷಣ. ಪಕ್ಕದ ಮನೆಯ ಮೊಲದ ಜೊತೆ ನಿಮ್ಮ ಮೊಲವನ್ನು ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಕಣ್ಣಳತೆಯೂ ಮೊಲದ ವಿಷಯದಲ್ಲಿ ಕೈಕೊಡುತ್ತದೆ. ಕಾರಣ ಮೂರು. ಒಂದು, ದಟ್ಟವಾದ ತುಪ್ಪಳ. ಅಂಗೋರಾದಂಥ ಉದ್ದ ಕೂದಲಿನ ಮೊಲವಾದರಂತೂ ಒಳಗಿನ ಮೈ ಅರ್ಧಕ್ಕೆ ಇಳಿದರೂ ಹೊರಗಿನ ಆಕಾರ ಬದಲಾಗುವುದಿಲ್ಲ. ಎರಡು, ಕೂರುವ ಭಂಗಿ. ಕಾಲುಗಳನ್ನು ಒಳಗೆಳೆದುಕೊಂಡು ಮುದುಡಿ ಕೂತರೆ ಬಡಕಲು ಮೊಲವೂ ದುಂಡಗೆ ಕಾಣುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮೊಲ ಬೇಟೆಗೆ ಸಿಕ್ಕುವ ಜೀವಿ. ನರಿ, ಹದ್ದುಗಳ ಕಣ್ಣಿಗೆ ಬೀಳಬಾರದೆಂದು ನೋವನ್ನೂ ನಿತ್ರಾಣವನ್ನೂ ತೋರಗೊಡದೆ ಬದುಕುವುದು ಅದರ ಹುಟ್ಟುಗುಣ. ಮನೆಯೊಳಗೆ ಸೋಫಾದ ಕೆಳಗೆ ಬೆಳೆದರೂ ಆ ಗುಣ ಹೋಗಿಲ್ಲ. ಅದು ಬಳಲಿದ್ದು ನಿಮ್ಮ ಕಣ್ಣಿಗೆ ಕಾಣಿಸುವ ಹೊತ್ತಿಗೆ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ.

ಹಾಗಾಗಿ ನಾನು ಹೇಳುವುದು ಎರಡೇ ಮಾತು. ಮೊಲದ ಮೈಯನ್ನು ಕೈಯಿಂದ ಮುಟ್ಟಿ ನೋಡಿ. ತೂಕ ಹಾಕಿ, ಆ ಅಂಕಿ ಏರಿತೇ ಇಳಿಯಿತೇ ಎಂದು ತಿಂಗಳು ತಿಂಗಳೂ ಗಮನಿಸಿ. ಉಳಿದದ್ದೆಲ್ಲ ಈ ಎರಡರ ವಿವರ.

ಮೊದಲು ಮುಟ್ಟಿ ನೋಡುವ ಬಗೆ. ನೆಲದ ಮೇಲೆ ಚಾಪೆಯನ್ನೋ ದಪ್ಪ ಟವೆಲನ್ನೋ ಹಾಸಿ, ನೀವೂ ಕೂತು, ಮೊಲವನ್ನು ನಿಮ್ಮ ತೊಡೆಯ ಪಕ್ಕಕ್ಕೆ ಒತ್ತಿಕೊಂಡಂತೆ ನಿಲ್ಲಿಸಿಕೊಳ್ಳಿ. ನುಣುಪು ಟೈಲ್ಸ್ ಬೇಡ, ಕಾಲು ಜಾರಿ ಗಾಬರಿಯಾಗುತ್ತದೆ. ಹಣೆಯಿಂದ ಬೆನ್ನಿನವರೆಗೆ ಎರಡು ಸಲ ನಿಧಾನವಾಗಿ ಸವರಿ, ಮೈ ಸಡಿಲವಾಗಲಿ. ಆಮೇಲೆ ಎರಡೂ ಅಂಗೈಗಳನ್ನು ಮುಂಗಾಲುಗಳ ಹಿಂದೆ, ಎದೆಯ ಎರಡು ಬದಿಗೆ ಇಟ್ಟು, ಬೆರಳ ತುದಿಗಳನ್ನು ಹಗುರವಾಗಿ ಆಡಿಸಿ. ಸರಿಯಾದ ತೂಕದ ಮೊಲದಲ್ಲಿ ಪಕ್ಕೆಲುಬುಗಳು ಒಂದೊಂದಾಗಿ ಸಿಗುತ್ತವೆ. ಅಂಗಿಯ ಜೇಬಿನಲ್ಲಿ ಸಾಲಾಗಿ ಸಿಕ್ಕಿಸಿದ ಪೆನ್ನುಗಳನ್ನು ಬಟ್ಟೆಯ ಮೇಲಿಂದ ಮುಟ್ಟಿದಂತಿರುತ್ತದೆ ಆ ಅನುಭವ: ಇದೆಯೆಂದು ತಿಳಿಯುತ್ತದೆ, ಚುಚ್ಚುವುದಿಲ್ಲ. ಬೆರಳನ್ನು ಒತ್ತಿ ಒತ್ತಿ ಹುಡುಕಬೇಕಾಗಿ ಬಂದರೆ ಮೇಲೆ ಕೊಬ್ಬಿನ ಪದರ ಕೂತಿದೆ. ಮುಟ್ಟಿದೊಡನೆ ಮೂಳೆಯ ಅಂಚು ಚೂಪಾಗಿ ತಾಗಿದರೆ ಮೊಲ ಸೊರಗಿದೆ.

ಅಲ್ಲಿಂದ ಕೈಯನ್ನು ಬೆನ್ನಿಗೆ ತನ್ನಿ. ಹೆಬ್ಬೆರಳನ್ನು ಒಂದು ಬದಿಗೆ, ಉಳಿದ ಬೆರಳುಗಳನ್ನು ಇನ್ನೊಂದು ಬದಿಗಿಟ್ಟು ಭುಜದಿಂದ ಸೊಂಟದವರೆಗೆ ಸವರಿ. ಬೆನ್ನುಮೂಳೆಯ ಗಂಟುಗಳು ಉರುಟಾಗಿ ಸಿಗಬೇಕು. ಎರಡೂ ಪಕ್ಕದ ಸ್ನಾಯು ತುಂಬಿಕೊಂಡಿರಬೇಕು. ಮೂಳೆ ಮೇಲೆದ್ದು ಎರಡು ಬದಿಗೂ ತಗ್ಗು ಬಿದ್ದಿದ್ದರೆ ಸ್ನಾಯು ಕರಗಿದೆ ಎಂದರ್ಥ. ಕೊನೆಗೆ ಸೊಂಟದ ಮೂಳೆಗಳನ್ನು ಹುಡುಕಿ, ಹಿಂಭಾಗವನ್ನು ಹಿಂದಿನಿಂದ ನೋಡಿ. ಅದು ಹೆಚ್ಚುಕಮ್ಮಿ ಸಮತಟ್ಟಾಗಿರಬೇಕು. ಒಳಕ್ಕೆ ಬಾಗಿದ್ದರೆ ತೂಕ ಕಮ್ಮಿ, ಹೊರಕ್ಕೆ ಉಬ್ಬಿದ್ದರೆ ಜಾಸ್ತಿ. ಇಷ್ಟಕ್ಕೆಲ್ಲ ಎರಡು ನಿಮಿಷ ಸಾಕು. ಅದೇ ಹೊತ್ತಿನಲ್ಲಿ ಕಂಕುಳು, ತೊಡೆಸಂದು, ಭುಜಗಳ ಮೇಲೆ ಮೆತ್ತನೆಯ ಕೊಬ್ಬಿನ ದಿಂಡು ಸಿಗುತ್ತದೆಯೇ ನೋಡಿ. ಬೊಜ್ಜು ಮೊಲದಲ್ಲಿ ಅಲ್ಲೆಲ್ಲ ಗಡ್ಡೆಯಂತೆ ಕೂತಿರುತ್ತದೆ.

ಬ್ರಿಟನ್ನಿನ ಸಾಕುಪ್ರಾಣಿ ಆಹಾರ ತಯಾರಕರ ಸಂಘ ಇದಕ್ಕೊಂದು ಐದು ಮೆಟ್ಟಿಲ ಅಳತೆ ಮಾಡಿಕೊಟ್ಟಿದೆ, ಪಶುವೈದ್ಯರು ಬಳಸುವುದೂ ಇಂಥದ್ದನ್ನೇ. 1ನೇ ಮೆಟ್ಟಿಲಲ್ಲಿ ಮೂಳೆಗಳೆಲ್ಲ ಚೂಪು, ಹಿಂಭಾಗ ಒಳಸರಿದಿರುತ್ತದೆ, ತೂಕ ಇರಬೇಕಾದ್ದಕ್ಕಿಂತ ಶೇ. 20ಕ್ಕೂ ಮೀರಿ ಕಮ್ಮಿ. 2ನೆಯದರಲ್ಲಿ ಶೇ. 10ರಿಂದ 20ರಷ್ಟು ಕಮ್ಮಿ. 3 ಸರಿಯಾದ ಮೈಕಟ್ಟು. 4ನೆಯದರಲ್ಲಿ ಪಕ್ಕೆಲುಬು ಸಿಗಬೇಕಾದರೆ ಒತ್ತಬೇಕು, ತೂಕ ಶೇ. 10ರಿಂದ 15ರಷ್ಟು ಜಾಸ್ತಿ. 5ನೆಯದರಲ್ಲಿ ಪಕ್ಕೆಲುಬು, ಬೆನ್ನುಮೂಳೆ ಹುಡುಕಿದರೂ ಸಿಗುವುದು ಕಷ್ಟ, ಹೊಟ್ಟೆ ಜೋತುಬಿದ್ದಿರುತ್ತದೆ, ತೂಕ ಶೇ. 15ಕ್ಕಿಂತ ಜಾಸ್ತಿ. ನಿಮ್ಮ ಮೊಲ ಯಾವ ಮೆಟ್ಟಿಲಲ್ಲಿದೆ ಎಂದು ಮನೆಯವರೆಲ್ಲ ಬೇರೆ ಬೇರೆಯಾಗಿ ಮುಟ್ಟಿ ಹೇಳಿ. ಇಬ್ಬರ ಉತ್ತರ ಒಂದೇ ಆದರೆ ಅದನ್ನು ನಂಬಬಹುದು.

ಕೈಗೂ ಮೋಸವಾಗುವ ಕೆಲವು ಸಂದರ್ಭಗಳಿವೆ, ಅವನ್ನೂ ತಿಳಿದಿರಿ. ಬೆಳೆದ ಹೆಣ್ಣು ಮೊಲಕ್ಕೆ ಗದ್ದದ ಕೆಳಗೆ ಗಂಗೆದೊಗಲು ಇರುತ್ತದೆ. ಅದು ಸಹಜ, ಅದೊಂದನ್ನೇ ನೋಡಿ ಬೊಜ್ಜು ಅನ್ನಬೇಡಿ. ಆದರೆ ಮೈ ನೆಕ್ಕಿಕೊಳ್ಳುವುದಕ್ಕೆ ಅಡ್ಡಬರುವಷ್ಟು ಅದು ದಪ್ಪವಾಗಿದ್ದರೆ, ಬೆನ್ನು, ಪಕ್ಕೆಲುಬುಗಳನ್ನೂ ನೋಡಿ ತೀರ್ಮಾನಿಸಿ. ಹೊಟ್ಟೆ ಮಾತ್ರ ದಪ್ಪಗಿದ್ದು ಬೆನ್ನುಮೂಳೆ ಚೂಪಾಗಿ ಸಿಕ್ಕಿದರೆ ಅದು ಬೊಜ್ಜಲ್ಲ. ಮರಿಗಳಲ್ಲಿ ಕಾಕ್ಸಿಡಿಯಾ ಎಂಬ ಪರೋಪಜೀವಿಯ ಸೋಂಕಿನಿಂದ ಹೊಟ್ಟೆ ಹೀಗೆ ಊದಿಕೊಳ್ಳುತ್ತದೆ. ಹೆಣ್ಣು ಮೊಲ ಗಬ್ಬವಾಗಿರಬಹುದು, ಅವುಗಳ ಗರ್ಭಾವಧಿ ಒಂದು ತಿಂಗಳಷ್ಟೇ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ, ವಯಸ್ಸಾದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಸಾಮಾನ್ಯ, ಅದರಿಂದಲೂ ಹೊಟ್ಟೆ ದೊಡ್ಡದಾಗುತ್ತದೆ. ಹೊಟ್ಟೆ ಇದ್ದಕ್ಕಿದ್ದಂತೆ ಉಬ್ಬಿ ಡೋಲಿನಂತೆ ಬಿಗಿದಿದ್ದರೆ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಬನ್ನಿ. ಆರೇಳು ವರ್ಷ ದಾಟಿದ ಮೊಲಗಳಲ್ಲಿ ಬೆನ್ನಿನ ಸ್ನಾಯು ಕರಗಿ, ಹೊಟ್ಟೆಯ ಕೊಬ್ಬು ಹಾಗೇ ಉಳಿದಿರುವುದುಂಟು. ಅವುಗಳ ವಿಷಯದಲ್ಲಿ ನೀವೇ ತೀರ್ಪು ಕೊಡದೆ ವೈದ್ಯರ ಕೈಗೆ ಬಿಡುವುದು ಒಳ್ಳೆಯದು.

ಇನ್ನು ತೂಕ ಹಾಕುವ ಮಾತು. ದುಬಾರಿ ಯಂತ್ರ ಬೇಕಿಲ್ಲ. ಅಡುಗೆಮನೆಯಲ್ಲಿ ಹಿಟ್ಟು, ಬೇಳೆ ತೂಗುವ ಡಿಜಿಟಲ್ ತಕ್ಕಡಿ 5 ಅಥವಾ 10 ಕೆಜಿಯವರೆಗೆ ತೂಗುತ್ತದೆ. ಅದರ ಮೇಲೆ ಅಗಲವಾದ ಪ್ಲಾಸ್ಟಿಕ್ ಟಬ್ ಇಟ್ಟು, ಒಳಗೆ ಒಂದು ಬಟ್ಟೆ ಹಾಸಿ, ಅಂಕಿಯನ್ನು ಸೊನ್ನೆಗೆ ತನ್ನಿ. ನಾಲ್ಕು ಎಸಳು ಕೊತ್ತಂಬರಿ ಸೊಪ್ಪು ಹಾಕಿ ಮೊಲವನ್ನು ಇಳಿಸಿದರೆ ಅದನ್ನು ತಿನ್ನುವಷ್ಟು ಹೊತ್ತು ಅಲುಗದೆ ಕೂತಿರುತ್ತದೆ. ನೀವು ಮೊಲವನ್ನು ಎತ್ತಿಕೊಂಡು ದೊಡ್ಡವರ ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆಯುವ ಲೆಕ್ಕ ದೊಡ್ಡ ಮೊಲಕ್ಕಾದರೆ ನಡೆದೀತು. 1.2 ಕೆಜಿಯ ಮೊಲಕ್ಕೆ ಅದು ಆಗದು. ಆ ಯಂತ್ರಗಳು 100 ಗ್ರಾಮ್ ಹಿಂದುಮುಂದಾಗುವುದು ಮಾಮೂಲು, ಅಷ್ಟು ಚಿಕ್ಕ ಮೊಲಕ್ಕೆ 100 ಗ್ರಾಮ್ ಎಂದರೆ ಮೈಯ ಹನ್ನೆರಡರಲ್ಲೊಂದು ಪಾಲು.

ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಗಾಲುಗಳ ಕೆಳಗೆ ಆಸರೆಯಾಗಿರಲಿ. ಕಿವಿ ಹಿಡಿದು ಎತ್ತುವುದನ್ನು ಸಿನಿಮಾದಲ್ಲಿ, ಜಾದೂ ಪ್ರದರ್ಶನದಲ್ಲಿ ನೋಡಿದ್ದರೆ ಮರೆತುಬಿಡಿ. ಮೊಲದ ಮೂಳೆಗಳ ಒಟ್ಟು ಭಾರ ಅದರ ತೂಕದಲ್ಲಿ ಶೇ. 8ರಷ್ಟು ಮಾತ್ರ. ಹಿಂಗಾಲಿನ ಸ್ನಾಯುಗಳು ಮಾತ್ರ ಬಲು ಬಿರುಸು. ಆಸರೆ ತಪ್ಪಿ ಜೋರಾಗಿ ಒದ್ದರೆ ತನ್ನ ಒದೆತಕ್ಕೇ ತನ್ನ ಬೆನ್ನುಮೂಳೆ ಮುರಿದುಕೊಳ್ಳುತ್ತದೆ.

ಆರೋಗ್ಯವಾಗಿರುವ ದೊಡ್ಡ ಮೊಲಕ್ಕೆ ತಿಂಗಳಿಗೆ ಒಂದು ಸಲ ತೂಕ ಸಾಕು. ಮರಿ, ಮುದಿ ಮೊಲ, ಕಾಯಿಲೆಯಿಂದ ಎದ್ದದ್ದು, ತೂಕ ಇಳಿಸುತ್ತಿರುವುದು, ಇವಕ್ಕೆ ವಾರಕ್ಕೊಂದು ಸಲ. ಯಾವಾಗಲೂ ಒಂದೇ ತಕ್ಕಡಿ, ಒಂದೇ ಹೊತ್ತು ಇರಲಿ. ಬೆಳಿಗ್ಗೆ ಸೊಪ್ಪು ಹಾಕುವ ಮುನ್ನ ಒಳ್ಳೆಯ ಸಮಯ. ಮೊಲದ ಹೊಟ್ಟೆ, ಕರುಳು ಮತ್ತು ಅದರೊಳಗಿನ ಮೇವು ಸೇರಿ ಮೈತೂಕದ ಶೇ. 10ರಿಂದ 20ರಷ್ಟಾಗುತ್ತದೆ. ಬೆಳಗಿನ ಅಂಕಿಗೂ ಸಂಜೆಯ ಅಂಕಿಗೂ ವ್ಯತ್ಯಾಸ ಬರುವುದು ಇದರಿಂದಲೇ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಗುರುತು ಹಾಕುವ ಗೋಡೆಯ ಕ್ಯಾಲೆಂಡರಿನಲ್ಲೇ ಮೊಲದ ತೂಕವನ್ನೂ ಬರೆದಿಡಿ. ಮಕ್ಕಳಿಗೆ ಈ ಕೆಲಸ ವಹಿಸಿದರೆ ಮರೆಯದೆ ಮಾಡುತ್ತಾರೆ.

ಅಂಕಿಯನ್ನು ಓದುವಾಗ ಮೊಲದ ಗಾತ್ರ ನೆನಪಿರಲಿ. 2 ಕೆಜಿ ಮೊಲ 200 ಗ್ರಾಮ್ ಇಳಿದರೆ, 60 ಕೆಜಿ ತೂಗುವ ಮನುಷ್ಯ 6 ಕೆಜಿ ಇಳಿದ ಲೆಕ್ಕ. ನಮ್ಮ ಮನೆಯಲ್ಲಿ ಯಾರಾದರೂ ಒಂದು ತಿಂಗಳಲ್ಲಿ ಕಾರಣವಿಲ್ಲದೆ 6 ಕೆಜಿ ಇಳಿದರೆ ಸುಮ್ಮನೆ ಕೂರುತ್ತೇವೆಯೇ? ಮೊಲದ ತೂಕ ಶೇ. 10ರಷ್ಟು ಇಳಿದದ್ದು ಕಂಡರೆ, ಅದು ಲವಲವಿಕೆಯಿಂದ ಓಡಾಡುತ್ತಿದ್ದರೂ ವೈದ್ಯರಿಗೆ ತೋರಿಸಿ.

ಬೊಜ್ಜಿನ ಮೊಲಕ್ಕೆ ಆಗುವ ಕಷ್ಟಗಳೇನು? ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಂದು ನೀವು ದಿನವೂ ಗುಡಿಸುವ ಒಣ, ಗುಂಡಗಿನ ಹಿಕ್ಕೆ. ಇನ್ನೊಂದು ಮೆತ್ತಗೆ, ಗೊಂಚಲಾಗಿ, ಲೋಳೆಯಿಂದ ಕೂಡಿರುತ್ತದೆ. ಅದರಲ್ಲಿ ಕರುಳಿನ ಸೂಕ್ಷ್ಮಜೀವಿಗಳು ತಯಾರಿಸಿದ ಪ್ರೋಟೀನು, ಬಿ ಜೀವಸತ್ವಗಳು ತುಂಬಿರುವುದರಿಂದ ಮೊಲ ಅದನ್ನು ಗುದದಿಂದ ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಇದು ಹೊಲಸು ಅಭ್ಯಾಸವಲ್ಲ, ಅದರ ಊಟದ ಎರಡನೇ ಪಂಕ್ತಿ. ಬೊಜ್ಜು ಬಂದ ಮೊಲಕ್ಕೆ ಬಾಗಿ ಅಲ್ಲಿಗೆ ಬಾಯಿ ಹಾಕಲು ಆಗುವುದಿಲ್ಲ. ಮೆತ್ತನೆಯ ಹಿಕ್ಕೆ ಹಿಂಭಾಗದ ತುಪ್ಪಳಕ್ಕೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ, ಕೆಳಗಿನ ಚರ್ಮ ಮೂತ್ರದಿಂದ ನೆನೆದು ಹುಣ್ಣಾಗುತ್ತದೆ, ವಾಸನೆಗೆ ನೊಣ ಬಂದು ಮೊಟ್ಟೆಯಿಡುತ್ತದೆ. ಮೊಟ್ಟೆ ಒಂದು ದಿನದೊಳಗೆ ಒಡೆದು ಹುಳುಗಳು ಜೀವಂತ ಚರ್ಮವನ್ನು ತಿನ್ನತೊಡಗುತ್ತವೆ. ನಮ್ಮ ಮಳೆಗಾಲದಲ್ಲಿ, ನೊಣ ಹೆಚ್ಚಿರುವ ದಿನಗಳಲ್ಲಿ, ಇದು ಎರಡೇ ದಿನದಲ್ಲಿ ಮೊಲದ ಜೀವ ತೆಗೆಯಬಲ್ಲದು.

ಒಂದು ಸಂಜೆ ಬಂದ ಬಿಳಿ ಮೊಲದ ವಿಷಯ ಹೇಳುತ್ತೇನೆ. ತಂದ ಅಜ್ಜಿ ಅದನ್ನು ಮೊಮ್ಮಗನಂತೆ ನೋಡಿಕೊಂಡವರು. "ಎಷ್ಟು ಚೆನ್ನಾಗಿ ಮೈ ಕೈ ತುಂಬ್ಕೊಂಡಿತ್ತಮ್ಮಾ, ಈಗ್ಯಾಕೋ ವಾಸನೆ ಬರ್ತಿದೆ" ಎಂದರು. ಪಕ್ಕೆಗೆ ಬೆರಳಿಟ್ಟರೆ ಮೆತ್ತನೆ ಮಾಂಸದಲ್ಲಿ ಬೆರಳು ಹೂತುಹೋಗುತ್ತಿತ್ತು, ಒಂದು ಮೂಳೆಯೂ ಸಿಗಲಿಲ್ಲ. ತಿರುಗಿಸಿ ನೋಡಿದರೆ ಬಾಲದ ಸುತ್ತ ಹಿಕ್ಕೆ ಹೆಪ್ಪುಗಟ್ಟಿ ಅಂಗೈಯಗಲದ ಹೆಕ್ಕಳೆಯಾಗಿತ್ತು. ಬೆಚ್ಚಗಿನ ನೀರಿನಲ್ಲಿ ನೆನೆಸಿ, ತುಪ್ಪಳ ಕತ್ತರಿಸಿ ತೆಗೆದಾಗ ಕೆಳಗಿನ ಚರ್ಮ ಕೆಂಡದಂತೆ ಕೆಂಪಾಗಿತ್ತು. ಪುಣ್ಯಕ್ಕೆ ಹುಳು ಬಿದ್ದಿರಲಿಲ್ಲ. ಏನೇನು ತಿನ್ನಿಸುತ್ತೀರಿ ಎಂದು ಕೇಳಿದೆ. ಬೆಳಿಗ್ಗೆ ಚಪಾತಿ, ಕಾಫಿ ಹೊತ್ತಿಗೆ ಬಿಸ್ಕತ್ತು, ಮಧ್ಯಾಹ್ನ ಬಾಳೆಹಣ್ಣು, ರಾತ್ರಿ ನೆನೆಸಿದ ಕಡಲೆ. ಹುಲ್ಲು? "ಹುಲ್ಲು ಹಾಕೋಕೆ ಅದೇನು ದನಾನಾ?" ಎಂದರು ಪ್ರೀತಿಯಿಂದ. ಈ ಮಾತು ನಾನು ಒಬ್ಬರಿಂದ ಕೇಳಿದ್ದಲ್ಲ.

ಬೊಜ್ಜಿನ ಪಟ್ಟಿ ಇಷ್ಟಕ್ಕೇ ಮುಗಿಯುವುದಿಲ್ಲ. ಮೊಲದ ಪಾದಕ್ಕೆ ನಾಯಿ, ಬೆಕ್ಕುಗಳಿಗಿರುವ ಮೆತ್ತೆ ಇಲ್ಲ, ಬರೀ ತುಪ್ಪಳ. ಭಾರ ಹೆಚ್ಚಿದರೆ, ಅದರಲ್ಲೂ ತಂತಿಯ ತಳವಿರುವ ಪಂಜರದಲ್ಲಿ, ಹಿಂಗಾಲಿನ ಹಿಮ್ಮಡಿ ಬೋಳಾಗಿ ಹುಣ್ಣಾಗುತ್ತದೆ. ಕೀಲುಗಳು ಸವೆಯುತ್ತವೆ. ಅರಿವಳಿಕೆ ಕೊಡುವುದು ಅಪಾಯಕರವಾಗುತ್ತದೆ. ಮೊಲಕ್ಕೆ ಬೆವರು ಸುರಿಸಿ ಮೈ ತಂಪು ಮಾಡಿಕೊಳ್ಳಲು ಬಾರದು, ಉದ್ದ ಕಿವಿಗಳ ಮೂಲಕವೇ ಹೆಚ್ಚಿನ ಶಾಖ ಹೊರಹೋಗಬೇಕು. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ತೆಳ್ಳಗಿನ ಮೊಲಕ್ಕೇ ಉಸಿರುಕಟ್ಟುತ್ತದೆ, ಬೊಜ್ಜಿನದಕ್ಕೆ ಅದು ಪ್ರಾಣಕ್ಕೇ ಎರವಾಗಬಹುದು.

ಸೊರಗಿದ ಮೊಲದ ಕತೆ ಇದಕ್ಕಿಂತ ಗುಟ್ಟಿನದು. ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಗಂಟೆಗಟ್ಟಲೆ ನಾರಿನ ಹುಲ್ಲು ಅರೆದರೆ ಮಾತ್ರ ದವಡೆಹಲ್ಲುಗಳು ಸರಿಯಾಗಿ ಸವೆಯುತ್ತವೆ. ಇಲ್ಲದಿದ್ದರೆ ಚೂಪು ಅಂಚು ಬೆಳೆದು ನಾಲಿಗೆ, ಕೆನ್ನೆಗಳನ್ನು ಕೊಯ್ಯುತ್ತದೆ. ಅಂಥ ಮೊಲಕ್ಕೆ ಹಸಿವಿರುತ್ತದೆ. ತಟ್ಟೆಯ ಹತ್ತಿರ ಓಡಿಬರುತ್ತದೆ, ಮೂಸುತ್ತದೆ, ಬಾಯಿಗೆ ತೆಗೆದುಕೊಂಡು ಬಿಟ್ಟುಬಿಡುತ್ತದೆ. ಮೆತ್ತನೆಯದನ್ನು ಮಾತ್ರ ತಿನ್ನುತ್ತದೆ. ಗದ್ದ ಜೊಲ್ಲಿನಿಂದ ಒದ್ದೆಯಾಗಿರುತ್ತದೆ. ಹಿಕ್ಕೆ ಚಿಕ್ಕದಾಗುತ್ತದೆ, ಕಮ್ಮಿಯಾಗುತ್ತದೆ. ಮನೆಯವರು "ಊಟಕ್ಕೆ ಓಡಿ ಬರುತ್ತಲ್ಲ, ಚೆನ್ನಾಗೇ ಇದೆ" ಅಂದುಕೊಳ್ಳುತ್ತಾರೆ. ತಕ್ಕಡಿ ಮಾತ್ರ ನಿಜ ಹೇಳುತ್ತದೆ. ಹಲ್ಲಲ್ಲದೆ ಮೂತ್ರಪಿಂಡದ ಕಾಯಿಲೆ, ಯಕೃತ್ತಿನ ತೊಂದರೆ, ಹುಳದ ಬಾಧೆ, ಜೊತೆಗಿರುವ ಇನ್ನೊಂದು ಮೊಲ ತಿನ್ನಗೊಡದಿರುವುದು, ಇವೂ ಕಾರಣವಾಗಬಹುದು. ಸೊರಗಿದ ಮೊಲಕ್ಕೆ ಕಾರಣ ಹುಡುಕದೆ ಕಾಳು, ಹಣ್ಣು ತುರುಕಿದರೆ ಕರುಳು ಕೆಟ್ಟು ಇನ್ನೂ ಇಳಿಯುತ್ತದೆ.

ಹಾಗಾದರೆ ಏನು ಹಾಕಬೇಕು? ಮೊಲದ ಊಟದಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಹುಲ್ಲೇ ಇರಬೇಕು, ಒಣಗಿದ್ದಾದರೂ ಸರಿ, ಹಸಿಯಾದರೂ ಸರಿ, ದಿನದ ಇಪ್ಪತ್ನಾಲ್ಕು ಗಂಟೆಯೂ ಮುಂದಿರಬೇಕು. ಹೊರದೇಶದ ಟಿಮೊಥಿ ಹುಲ್ಲನ್ನು ಕೊಳ್ಳುವ ಶಕ್ತಿ ಇಲ್ಲದಿದ್ದರೆ ಚಿಂತೆ ಬೇಡ. ಗಣಪತಿಗೆ ಏರಿಸುವ ಗರಿಕೆ ಮೊಲಕ್ಕೂ ಒಳ್ಳೆಯ ಮೇವು. ಔಷಧಿ ಸಿಂಪಡಿಸದ ಕಡೆಯಿಂದ ಕಿತ್ತು, ತೊಳೆದು, ನೀರು ಬಸಿದು ಹಾಕಿ. ರೈತರ ಹತ್ತಿರ ಸಿಗುವ ಗಿನಿ ಹುಲ್ಲು, ರೋಡ್ಸ್ ಹುಲ್ಲು, ಓಟ್ಸ್ ಹುಲ್ಲು ಆಗುತ್ತದೆ. ಕುದುರೆಮಸಾಲೆ ಸೊಪ್ಪಿನಲ್ಲಿ ಪ್ರೋಟೀನು, ಸುಣ್ಣದಂಶ ಹೆಚ್ಚು. ಬೆಳೆಯುವ ಮರಿಗೆ, ಹಾಲೂಡಿಸುವ ತಾಯಿಗೆ ಸರಿ, ಬೆಳೆದ ಮೊಲಕ್ಕೆ ದಿನವೂ ಬೇಡ. ಮಲೆನಾಡಿನವರಿಗೊಂದು ಮಾತು: ಮಳೆಗಾಲದಲ್ಲಿ ಒಣಹುಲ್ಲು ಮುಗ್ಗುತ್ತದೆ. ಮೊಲ ಅದನ್ನು ಮೂಸಿ ಬಿಡುತ್ತದೆ, ತಿಂದರೂ ಕೆಡುಕು. ಗಾಳಿಯಾಡುವ ಚೀಲದಲ್ಲಿ ನೆಲಕ್ಕೆ ತಾಗದಂತೆ ಇಡಿ.

ಹುಲ್ಲಿನ ಜೊತೆಗೆ ದಿನಕ್ಕೊಂದು ಹಿಡಿ ಸೊಪ್ಪು: ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು, ಕ್ಯಾರೆಟ್ಟಿನ ಸೊಪ್ಪು, ಬದಲಾಯಿಸುತ್ತಾ. ಪೆಲೆಟ್ ಎಂಬ ಗುಳಿಗೆಯಂಥ ಸಿದ್ಧ ಮೇವು ಹಾಕುವುದಾದರೆ ಮೊಲದ ಪ್ರತಿ ಕೆಜಿಗೆ ದಿನಕ್ಕೆ 25 ಗ್ರಾಮ್ ಮೀರದಿರಲಿ. ಬಟ್ಟಲು ತುಂಬಿಟ್ಟು ಖಾಲಿಯಾದಂತೆ ತುಂಬುವ ಪದ್ಧತಿಯೇ ಬೊಜ್ಜಿನ ಮೂಲ. ಮಾಂಸದ ಮೊಲಗಳಿಗೆಂದು ತಯಾರಿಸಿದ ಫೀಡ್ ಬೇಡವೇ ಬೇಡ. ಸುಮಾರು ಹನ್ನೆರಡು ವಾರಕ್ಕೆ 2 ಕೆಜಿ ಬರಲೆಂದು ಮಾಡಿದ ಮೇವದು, ಹತ್ತು ವರ್ಷ ಬಾಳಬೇಕಾದ ಮೊಲಕ್ಕೆ ಹೊಂದುವುದಿಲ್ಲ. ಕ್ಯಾರೆಟ್ಟೇ ಮೊಲದ ಊಟ ಎಂಬುದು ಎಲ್ಲ ಮಕ್ಕಳ ನಂಬಿಕೆ. 1940ರಿಂದ ಕ್ಯಾರೆಟ್ ಕಡಿಯುತ್ತಿರುವ ಕಾರ್ಟೂನ್ ಮೊಲ ಬಗ್ಸ್ ಬನ್ನಿಯ ಪ್ರಭಾವ ಅದು. ಕ್ಯಾರೆಟ್ಟಿನಲ್ಲಿ ಸಕ್ಕರೆ ಇದೆ. ಹಣ್ಣಿನ ಹಾಗೆ ಅದನ್ನೂ ಬೆರಳಿನ ಉಗುರಿನಷ್ಟು, ಎಂದಾದರೊಮ್ಮೆ ಕೊಡಿ. ಚಪಾತಿ, ಅನ್ನ, ಬ್ರೆಡ್, ಬಿಸ್ಕತ್ತು, ಕಡಲೆ, ಬೂಸಾ ಮೊಲದ ಊಟವೇ ಅಲ್ಲ.

ತೂಕ ಇಳಿಸಬೇಕಾದವರಿಗೆ ಈಗ ಹೇಳುವುದನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುತ್ತೇನೆ. ಮೊಲವನ್ನು ಒಂದು ಹೊತ್ತೂ ಉಪವಾಸ ಕೆಡವಬೇಡಿ. ಮೊಲದ ಕರುಳು ಸದಾ ಚಲಿಸುತ್ತಿರಬೇಕು. ಮೇವು ನಿಂತರೆ ಕರುಳೂ ನಿಲ್ಲುತ್ತದೆ. ಬೊಜ್ಜಿನ ಮೊಲ ಊಟ ಬಿಟ್ಟರೆ ಮೈಯ ಕೊಬ್ಬು ಕರಗಿ ಯಕೃತ್ತಿಗೆ ನುಗ್ಗಿ, ಒಂದೆರಡು ದಿನದಲ್ಲೇ ಪ್ರಾಣಾಪಾಯ ತರುತ್ತದೆ. ಹುಲ್ಲನ್ನು ಕಮ್ಮಿ ಮಾಡದೆ, ಹೆಚ್ಚಿಸಿ. ಬಿಸ್ಕತ್ತು, ಕಾಳು, ಹಣ್ಣನ್ನು ನಿಲ್ಲಿಸಿ. ಪೆಲೆಟ್ಟನ್ನು ಮೂರು ನಾಲ್ಕು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಅಷ್ಟರಲ್ಲಿ ಅದು ಹುಲ್ಲು ತಿನ್ನುತ್ತಿದೆಯೇ ಎಂದು ಕಣ್ಣಿಟ್ಟು ನೋಡಿ. ವಾರಕ್ಕೆ ಮೈತೂಕದ ಶೇ. 1ರಷ್ಟು ಇಳಿದರೆ ಬೇಕಾದಷ್ಟಾಯಿತು, ಶೇ. 2 ಮೀರಬಾರದು. 2.5 ಕೆಜಿ ಇರಬೇಕಾದ ಮೊಲ 2.9 ಕೆಜಿ ಇದ್ದರೆ ವಾರಕ್ಕೆ 30 ಗ್ರಾಮ್ ಲೆಕ್ಕದಲ್ಲಿ ಮೂರು ತಿಂಗಳು ಹಿಡಿಯುತ್ತದೆ. ಹಿಡಿಯಲಿ. ಆರು ತಿಂಗಳೊಳಗಿನ ಮರಿಗೆ, ಗಬ್ಬದ ಮೊಲಕ್ಕೆ ಈ ಯಾವ ಪ್ರಯೋಗವೂ ಬೇಡ.

ಮೇವಿನಷ್ಟೇ ಓಟವೂ ಬೇಕು. ಪಂಜರದಲ್ಲಿ ಎರಡು ಹೆಜ್ಜೆ ಇಡುವ ಮೊಲದ ಬೊಜ್ಜು ಯಾವ ಪಥ್ಯಕ್ಕೂ ಕರಗದು. ಬ್ರಿಟನ್ನಿನ ಮೊಲ ಕ್ಷೇಮ ಸಂಘಟನೆಗಳು ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲದ ಜಾಗ ಬೇಕೆನ್ನುತ್ತವೆ. ಅಪಾರ್ಟ್‌ಮೆಂಟಿನಲ್ಲಿ ಅದು ಒಂದು ಚಿಕ್ಕ ಕೋಣೆಯಷ್ಟು. ಮೊಲಗಳು ಚುರುಕಾಗುವುದು ಮುಂಜಾನೆ ಮತ್ತು ಮುಸ್ಸಂಜೆ. ಆ ಎರಡು ಹೊತ್ತು ಕೋಣೆಯ ವೈರುಗಳನ್ನು ಮೇಲೆತ್ತಿ ಕಟ್ಟಿ, ಬಾಲ್ಕನಿಯ ಸಂದು ಮುಚ್ಚಿ, ನೆಲಕ್ಕೆ ಚಾಪೆ ಹಾಸಿ ಬಿಟ್ಟುಬಿಡಿ. ಪೆಲೆಟ್ಟನ್ನು ಬಟ್ಟಲಿಗೆ ಹಾಕುವ ಬದಲು ಹುಲ್ಲಿನ ರಾಶಿಯೊಳಗೆ ಚೆಲ್ಲಿದರೆ ಹುಡುಕಾಡುತ್ತಾ ಹುಲ್ಲನ್ನೂ ತಿನ್ನುತ್ತದೆ.

ಮನೆಯ ಹಿರಿಯರಲ್ಲಿ ಒಂದು ಬಿನ್ನಹ. ಅತಿಥಿಗೆ ಬಡಿಸಿದಂತೆ ಮೊಲಕ್ಕೂ ಒತ್ತಾಯ ಮಾಡಿ ಬಡಿಸುವ ಗುಣ ನಮ್ಮದು. ನಿಮ್ಮ ಕೈಯಿಂದಲೇ ತಿನ್ನಿಸುವ ಆಸೆಯಿದ್ದರೆ ಬಿಸ್ಕತ್ತಿನ ಬದಲು ಒಂದು ಎಸಳು ಪುದೀನ ಹಿಡಿಯಿರಿ. ಅಷ್ಟೇ ಆಸೆಯಿಂದ ಬಂದು ತಿನ್ನುತ್ತದೆ, ಅಷ್ಟೇ ನಂಬಿಕೆಯಿಂದ ನಿಮ್ಮ ಕಾಲ ಬಳಿ ಕೂರುತ್ತದೆ.

ಯಾವ ಹೊತ್ತಿಗೆ ವೈದ್ಯರ ಬಳಿ ಓಡಬೇಕೆಂಬುದನ್ನೂ ಹೇಳಿಬಿಡುತ್ತೇನೆ. ಮೊಲ ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕುವುದು ನಿಂತರೆ, ಹಲ್ಲು ಕಡಿಯುತ್ತಾ ಮೂಲೆ ಹಿಡಿದರೆ ಬೆಳಗಾಗಲಿ ಎಂದು ಕಾಯಬೇಡಿ. ಮೊಲವನ್ನು ನೋಡಿ ಅಭ್ಯಾಸವಿರುವ ವೈದ್ಯರನ್ನು ಕಾಯಿಲೆ ಬರುವ ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ. ಊರಲ್ಲಿ ಅಂಥವರು ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಿ. ಹೋಗುವಾಗ ಕ್ಯಾಲೆಂಡರಿನಲ್ಲಿ ಬರೆದ ತೂಕಗಳ ಫೋಟೊ ಒಯ್ಯಿರಿ. ಬಾಯಿಬಾರದ ಪ್ರಾಣಿಯ ರೋಗ ಹಿಡಿಯುವುದಕ್ಕೆ ಆ ನಾಲ್ಕೈದು ಅಂಕಿಗಳಷ್ಟು ಸಹಾಯ ಮಾಡುವ ದಾಖಲೆ ನಮಗೆ ಬೇರೊಂದಿಲ್ಲ.

ಕೊನೆಯದಾಗಿ ನಿಮ್ಮೆಲ್ಲರಲ್ಲಿ ನನ್ನ ಕೋರಿಕೆ ಇಷ್ಟು. ಈ ಭಾನುವಾರ ಬೆಳಿಗ್ಗೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ನಿಮ್ಮ ಮೊಲದ ಪಕ್ಕೆಲುಬು, ಬೆನ್ನು, ಸೊಂಟ ಮುಟ್ಟಿ ನೋಡಿ, ತೂಕ ಹಾಕಿ ಬರೆದಿಡಿ. ಮುಂದಿನ ತಿಂಗಳು ಅದೇ ದಿನ ಮತ್ತೆ ಮಾಡಿ. ಎರಡು ಅಂಕಿ ಹೆಚ್ಚುಕಮ್ಮಿ ಒಂದೇ ಆಗಿದ್ದು, ಪಕ್ಕೆಲುಬು ಹಗುರವಾಗಿ ಕೈಗೆ ಸಿಕ್ಕಿದರೆ ನಿಮ್ಮ ಮೊಲದ ತೂಕ ಸರಿಯಾಗಿದೆ. ಇಲ್ಲದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಇಂತಿ,
ನಿಮ್ಮ ಮೊಲಗಳ ಹಿತ ಬಯಸುವ
ಒಬ್ಬ ಪಶುವೈದ್ಯೆ